ಮೂರೂವರೆ ಎಕರೆ, ಒಂದು ಬದು

(ಮೇ ತಿಂಗಳ ಕೊನೆಯ ವಾರ, ಜೇವರ್ಗಿ ತಾಲೂಕಿನ ನಮ್ಮೂರ ಗ್ರಂಥಾಲಯದಲ್ಲಿ ಕಾಲೇಜು ಮಕ್ಕಳು ಮತ್ತು ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು.

ಇಂಥ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಫ್ಯಾನಿನ ಕೆಳಗೆ ಜಾಗ ಸಿಗದವರು ಬಾಗಿಲ ಹತ್ತಿರ ಬನ್ನಿ. ಅಲ್ಲಿ ಬೇವಿನ ಗಾಳಿ ಬರುತ್ತದೆ.

ನಾನು ಕಾಡು ಸುತ್ತಿದವಳಲ್ಲ. 2011ರಲ್ಲಿ ವನ್ಯಜೀವಿಧಾಮ ಆದ ಚಿಂಚೋಳಿ ಕಾಡಿಗೆ ಎರಡು ಸಲ ಹೋಗಿದ್ದೇನೆ. ಸುರಪುರ ಹತ್ತಿರದ ಬೋನಾಳ ಕೆರೆಗೆ ಒಂದು ಸಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಅಲ್ಲಿ ನೋಡಿ ಮಾತು ಬರದೆ ನಿಂತಿದ್ದೆ. ಆದರೆ ಇವತ್ತಿನ ಮಾತು ಅವುಗಳದ್ದಲ್ಲ. ನನ್ನ ಅಪ್ಪನಿಂದ ಬಂದ ಮೂರೂವರೆ ಎಕರೆ ಎರೆ ಹೊಲ, ಅದರ ಪೂರ್ವಕ್ಕಿರುವ ಒಂದು ಬದು, ಇಷ್ಟೇ ನನ್ನ ವಿಷಯ.

2016ರಲ್ಲಿ ಶಾಲೆಯಿಂದ ನಿವೃತ್ತಿಯಾದೆ. ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸ ಮಾತ್ರ ಹೋಗಲಿಲ್ಲ. ಸುಮ್ನೆ ಮನೆಯಲ್ಲಿ ಕೂರುವುದು ಆಗಲಿಲ್ಲ. ಹೊಲಕ್ಕೆ ಹೋಗಲು ಶುರು ಮಾಡಿದೆ. ಬದುವಿನ ಮೇಲೆ ಒಂದು ಶಹಾಬಾದ ಕಲ್ಲಿನ ಚಪ್ಪಡಿ ಬಿದ್ದಿತ್ತು. ಅದರ ಮೇಲೆ ಕೂತು ನೋಡುವುದು, ಕಂಡದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೊದಲ ತಿಂಗಳು ಪಕ್ಕದ ಹೊಲದ ಕಾಕಾ ದಿನಾ ಕೇಳುತ್ತಿದ್ದರು: 'ಏನ್ ನೋಡಲತ್ತೀರಿ ಅಕ್ಕೋರೇ? ಏನಾದ್ರೂ ಕಳದದೇನು?' ಅವರಿಗೆ ಏನು ಹೇಳಬೇಕೋ ಆಗ ನನಗೂ ಗೊತ್ತಿರಲಿಲ್ಲ. ಈಗ ಅವರೇ ಸಂಜೆ ಮನೆ ಬಾಗಿಲಿಗೆ ಬಂದು ವರದಿ ಕೊಡುತ್ತಾರೆ. 'ಬಾವಿ ಮ್ಯಾಲಿನ ಜಾಲಿ ಗಿಡದಾಗ ಗೀಜಗ ಗೂಡು ಹಾಕ್ಲತ್ತದ, ನಾಳಿ ಬಂದು ನೋಡ್ರಿ.' ನನ್ನ ನೋಟ್‌ಬುಕ್ಕಿನ ಕಾಲು ಭಾಗ ಕಾಕಾನ ಕಣ್ಣಿನಿಂದ ಬಂದದ್ದು.

ಮೊದಲು ಬದು ಹೇಗಿದೆ ಹೇಳುತ್ತೇನೆ. ಅಗಲ ಆರು ಹೆಜ್ಜೆ. ಅದರ ಮೇಲೆ ಎರಡು ಬೇವು, ಒಂದು ಬನ್ನಿ, ಮೂರು ಕರಿಜಾಲಿ, ಒಂದು ಮುತ್ತಲ, ಬೋರೆ ಕಂಟಿ, ಎಕ್ಕೆ, ತಂಗಡಿ. ಕೆಳಗೆ ಹುಲ್ಲು. ಹುಲ್ಲಿನ ನಡುವೆ ಹುತ್ತ. ನೋಡಿದವರಿಗೆ ಅದು ಹಾಳು ಬಿದ್ದ ಜಾಗ. 'ಬದು ಕಡಿಸಿದ್ರ ಇನ್ನೂ ನಾಲ್ಕು ಸಾಲು ತೊಗರಿ ಬರ್ತದ' ಅಂತ ಬಹಳ ಜನ ಹೇಳಿದ್ದಾರೆ. ಒಂದು ವರ್ಷ ನಾನೂ ಹಾಗೆ ಅಂದುಕೊಂಡೆ. ಅದರ ಕಥೆ ಮುಂದೆ ಬರುತ್ತದೆ.

ಗೋಡೆಯ ಮೇಲಿನ ಕ್ಯಾಲೆಂಡರ್ ಜನವರಿಗೆ ಶುರುವಾಗುತ್ತದೆ. ನಮ್ಮ ಹಬ್ಬದ ವರ್ಷ ಯುಗಾದಿಗೆ. ಹೊಲದ ವರ್ಷ ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಅಲ್ವಾ? ಜೂನ್ 7 ಅಥವಾ 8ಕ್ಕೆ ಮಿರಗ ಕೂಡುತ್ತದೆ. ಅದಕ್ಕೂ ಮೊದಲಿನದು ರೋಹಿಣಿ ಮಳೆ. 'ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ' ಅಂತ ಹಿರಿಯರು ಹೇಳಿದ್ದು ನಿಮಗೆಲ್ಲ ಗೊತ್ತು. ಆದರೆ ತಾರೀಖು ಕೂಡಿತು ಅಂತ ಮಳೆ ಕೂಡುವುದಿಲ್ಲ. ಮಣ್ಣಿಗೆ ನಿಜವಾಗಿ ತೇವ ಇಳಿದಿದೆಯೋ ಇಲ್ಲವೋ ಅಂತ ನಾನು ನೋಡುವುದು ಮಿರಗದ ಹುಳದಲ್ಲಿ.

ಮಿರಗದ ಹುಳ ನೋಡದವರು ಇಲ್ಲಿ ಯಾರಿದ್ದೀರಿ? ಮೂರು ಕೈ ಮಾತ್ರ. ಒಳ್ಳೆಯದು. ಕುಂಕುಮದ ಬಣ್ಣ, ಮಖಮಲ್ಲಿನ ಮೈ, ಶೇಂಗಾ ಬೀಜದ ಅರ್ಧದಷ್ಟು ಗಾತ್ರ. ನಾವು ಸಣ್ಣವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಹಸಿ ಮಣ್ಣು ಹಾಕಿ ಇಟ್ಟುಕೊಳ್ಳುತ್ತಿದ್ದೆವು. ಹುಳ ಅನ್ನುತ್ತೇವೆ, ಆದರೆ ಕಾಲು ಎಣಿಸಿ ನೋಡಿ, ಎಂಟು ಇವೆ. ಜೇಡ, ಚೇಳು, ಉಣ್ಣೆ ಇವುಗಳ ಬಳಗದ್ದು ಅದು. ಮರಿಯಿದ್ದಾಗ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ಬದುಕುತ್ತದೆ. ದೊಡ್ಡದಾದ ಮೇಲೆ ವರ್ಷದ ಬಹುಪಾಲು ಮಣ್ಣಿನ ಒಳಗೇ ಇರುತ್ತದೆ. ಮೊದಲ ಒಳ್ಳೆಯ ಮಳೆ ಬಿದ್ದ ಮೇಲೆ ಕೆಲವೇ ದಿನ ಮೇಲೆ ಬಂದು ಗೆದ್ದಲು, ಸಣ್ಣ ಕೀಟ, ಅವುಗಳ ಮೊಟ್ಟೆ ಹುಡುಕಿ ತಿನ್ನುತ್ತದೆ. ಜೋಡಿಯಾಗುತ್ತದೆ. ಮತ್ತೆ ಕೆಳಗೆ ಹೋಗುತ್ತದೆ. ಮೇಲಿನ ಧೂಳು ಮಾತ್ರ ತೊಯ್ಯುವ ಮಳೆಗೆ ನಮ್ಮ ಹೊಲದಲ್ಲಿ ಅದು ಏಳುವುದಿಲ್ಲ. ಹೀಗಾಗಿ ಅದು ಬಂತು ಅಂದರೆ ನಾನು ಮೊಳಕೈವರೆಗೂ ಮಣ್ಣು ಕೆದಕಿ ನೋಡುವ ಕೆಲಸವಿಲ್ಲ.

2023 ನೆನಪಿದೆಯಾ? ಮುಂಗಾರು ತಡವಾಯಿತು. ಮಿರಗ ಕೂಡಿ ಎರಡು ವಾರವಾದರೂ ನಮ್ಮ ಹೊಲದಲ್ಲಿ ಒಂದು ಕೆಂಪು ಹುಳವಿಲ್ಲ. ಆಕಾಶದಲ್ಲಿ ಮೋಡ ಇತ್ತು, ನಾಲ್ಕು ಹನಿಯೂ ಬಿತ್ತು. ಅಷ್ಟಕ್ಕೇ ಕೆಲವರು ಬಿತ್ತಿದರು, ಎರಡನೇ ಸಲ ಬೀಜ ತಂದರು. ನಾವು ಜೂನ್ ಕೊನೆಯವರೆಗೂ ಕಾದೆವು. ಆ ವರ್ಷ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತ ಪಟ್ಟಿಯಲ್ಲಿ ಬಂದವು. ಕಾದದ್ದರಿಂದ ನಮಗೆ ದೊಡ್ಡ ಬೆಳೆ ಬಂತು ಅಂತ ಹೇಳಲಾರೆ. ಬೀಜ ಮತ್ತು ಗೊಬ್ಬರದ ದುಡ್ಡು ಎರಡು ಸಲ ಹೋಗಲಿಲ್ಲ, ಅಷ್ಟು ಖರೇ.

ಆ ಮೊದಲ ಮಳೆಯ ರಾತ್ರಿಯಷ್ಟು ಗದ್ದಲದ ರಾತ್ರಿ ವರ್ಷದಲ್ಲಿ ಇನ್ನೊಂದಿಲ್ಲ. ಬಾವಿ ಪಕ್ಕದ ತಗ್ಗಿನಲ್ಲಿ ನೀರು ನಿಲ್ಲುವುದೇ ತಡ, ಗೂಟರುಗಪ್ಪೆಗಳು ಬರುತ್ತವೆ. ಗಂಡು ಕಪ್ಪೆ ಆಗ ಅರಿಶಿನದ ಬಣ್ಣಕ್ಕೆ ತಿರುಗಿರುತ್ತದೆ. ಟಾರ್ಚ್ ಬಿಟ್ಟರೆ ನೀರಿನಲ್ಲಿ ಯಾರೋ ನಿಂಬೆಹಣ್ಣು ಚೆಲ್ಲಿದ ಹಾಗೆ ಕಾಣುತ್ತದೆ. ಮರುದಿನ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಏಳುತ್ತದೆ. ಅದಕ್ಕೆ ಕಾಜಾಣ, ಕಾಗೆ, ಮೈನಾ, ಓತಿಕ್ಯಾತ, ಎಲ್ಲರಿಗೂ ಅಂದು ಹಬ್ಬದೂಟ. ಅದೇ ವಾರದಲ್ಲಿ ಚಾತಕದ ಕೂಗು. ಕಪ್ಪು ಬಿಳಿ ಬಣ್ಣ, ತಲೆಯ ಮೇಲೆ ಜುಟ್ಟು. ಮುಂಗಾರು ಗಾಳಿಯ ಜೊತೆ ಆಫ್ರಿಕಾ ಕಡೆಯಿಂದ ಸಮುದ್ರ ದಾಟಿ ಬರುವ ಹಕ್ಕಿ ಅದು. ತನ್ನ ಮೊಟ್ಟೆಯನ್ನು ಹರಟೆಮಲ್ಲನ ಗೂಡಿನಲ್ಲಿ ಇಟ್ಟು ಹೋಗುತ್ತದೆ. ನಮ್ಮ ಬದುವಿನ ಬೋರೆ ಕಂಟಿಯಲ್ಲಿ ಹರಟೆಮಲ್ಲಗಳು ಏಳೆಂಟು ಯಾವಾಗಲೂ ಇರುತ್ತವೆ. ಕಂಟಿ ಇದೆ, ಅದಕ್ಕೆ ಹರಟೆಮಲ್ಲ ಇದೆ. ಹರಟೆಮಲ್ಲ ಇದೆ, ಅದಕ್ಕೆ ಚಾತಕ ಬರುತ್ತದೆ.

ಆಷಾಢ, ಶ್ರಾವಣದಲ್ಲಿ ಹೆಸರು ಬೆಳೆಯ ಕೆಲಸ ಜಾಸ್ತಿ. ನೋಟ್‌ಬುಕ್ಕಿನಲ್ಲಿ ಆ ಎರಡು ತಿಂಗಳು ಸಾಲುಗಳು ಕಡಿಮೆ. ಬುರ್ಲಿ ಹಕ್ಕಿ ಕಾಲ ಬುಡದಿಂದ ಭರ್ ಎಂದು ಎದ್ದದ್ದು, ಕೇರೆ ಹಾವು ಇಲಿ ಹಿಡಿದದ್ದು, ಉಡ ಬಾವಿ ಕಟ್ಟೆ ಹತ್ತಿದ್ದು. ಗೀಜಗದ ಗೂಡು ಮಾತ್ರ ಎಷ್ಟು ನೋಡಿದರೂ ಸಾಕಾಗುವುದಿಲ್ಲ. ಗಂಡು ಹಕ್ಕಿ ಅರ್ಧ ಗೂಡು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಗೆ ಹೊರಗೆ ನೋಡಿ ಒಪ್ಪಿದರೆ ಮಾತ್ರ ಉಳಿದ ಅರ್ಧ, ಆ ಉದ್ದನೆಯ ಕೊಳವೆ. ಒಪ್ಪದೆ ಬಿಟ್ಟ ಅರ್ಧ ಗೂಡುಗಳು ಜಾಲಿಯಲ್ಲಿ ಹಾಗೇ ತೂಗುತ್ತಿರುತ್ತವೆ. ಗೂಡು ತೆಗೆದು ಮನೆಯಲ್ಲಿ ತೂಗುಹಾಕಬೇಕು ಅನ್ನುವವರು ದೀಪಾವಳಿ ದಾಟುವವರೆಗೂ ತಡೆಯಿರಿ. ಆ ಹೊತ್ತಿಗೆ ನಮ್ಮ ಕಡೆ ಅವುಗಳ ಸಂಸಾರ ಮುಗಿದಿರುತ್ತದೆ.

'ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು' ಅನ್ನುತ್ತಾರೆ. ಮಳೆ ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಏರೋಪ್ಲೇನ್ ಚಿಟ್ಟೆಗಳು ತೊಗರಿಯ ಮೇಲೆ ತೂರಿದ ಹೊಟ್ಟಿನ ಹಾಗೆ ಹಾರಾಡುತ್ತವೆ. ಹಳದಿ ಬಣ್ಣದವು. ಮಳೆನೀರಿನ ಸಣ್ಣ ಹೊಂಡಗಳಲ್ಲಿ ಒಂದೆರಡು ತಿಂಗಳಲ್ಲೇ ಹುಟ್ಟಿ ಬೆಳೆದವು. ಅವುಗಳ ಬಳಗವೇ ಆಮೇಲೆ ಗಾಳಿ ಹಿಡಿದು ಮಾಲ್ಡೀವ್ಸ್ ದಾಟಿ ಆಫ್ರಿಕಾ ತೀರದ ಕಡೆ ಹೋಗುತ್ತದೆ ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ನಮ್ಮ ಬಾವಿ ಪಕ್ಕದ ತಗ್ಗು ಅಂಥ ಪ್ರಯಾಣದ ಒಂದು ನಿಲ್ದಾಣ ಆಗಿರಬಹುದು ಅಂತ ನೆನೆದಾಗ ಮೈ ಜುಮ್ಮೆನ್ನುತ್ತದೆ.

ಅಕ್ಟೋಬರ್ ಅಂದಾಗ 2020ರ ಅಕ್ಟೋಬರ್ ಬಿಡುವ ಹಾಗಿಲ್ಲ. ಭೀಮಾ ಉಕ್ಕಿ ಬಂತು. ನಮ್ಮ ಹೊಲ ನದಿಯಿಂದ ನಾಲ್ಕು ಕಿಲೋಮೀಟರ್ ದೂರ, ನೀರು ಬರಲಿಲ್ಲ. ಆದರೆ ನದಿ ದಂಡೆಯ ಹೊಲಗಳಿಂದ ಓಡಿ ಬಂದ ಜೀವಗಳು ಬದು ಹಿಡಿದವು. ಒಂದು ಬೆಳಗ್ಗೆ ಎರಡು ಮೊಲ, ಒಂದು ಮುಂಗುಸಿ, ಎಷ್ಟೋ ಇಲಿ, ಬನ್ನಿ ಬುಡದಲ್ಲಿ ಸುತ್ತಿಕೊಂಡ ಒಂದು ನಾಗರ. ಯಾರೂ ಯಾರನ್ನೂ ಮುಟ್ಟಲಿಲ್ಲ. ನಾನು ದೂರದಿಂದ ನೋಡಿ ವಾಪಸ್ ಬಂದೆ. ಮೂರು ದಿನ ಆ ಕಡೆ ಹೋಗಲಿಲ್ಲ.

ಈಗ ತೊಗರಿಗೆ ಬರುತ್ತೇನೆ. ನಮ್ಮ ಕಲಬುರಗಿಯ ಹೊಟ್ಟೆ, ಬಟ್ಟೆ ಎಲ್ಲ ಅದೇ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ, ನಾವು ಜಿಐ ಟ್ಯಾಗ್ ಅನ್ನುತ್ತೇವಲ್ಲ, ಅದು ಸಿಕ್ಕಿತು. ನವೆಂಬರ್‌ನಲ್ಲಿ ಹೊಲ ಹಳದಿ ಆಗುತ್ತದೆ. ಹೂವಿನ ಬೆನ್ನಿಗೆ ಕೆಂಪು ಗೆರೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಕೋಲುಜೇನು, ದಪ್ಪ ಕರಿ ದುಂಬಿ, ಎಲೆ ಕತ್ತರಿಸುವ ಜೇನು, ಎಲ್ಲ ಸೇರಿ ಹೊಲವೇ ಗುಂಯ್ ಅನ್ನುತ್ತಿರುತ್ತದೆ. ಕಾಯಿಕೊರಕದ ಪತಂಗ ಮೊಟ್ಟೆ ಇಡುವುದೂ ಅದೇ ಹೊತ್ತಿನಲ್ಲಿ. ಮೊಗ್ಗು ಹೂವಿನ ಮೇಲೆ ಒಂದೊಂದೇ ಮೊಟ್ಟೆ. ಗಸಗಸೆ ಕಾಳಿಗಿಂತ ಸಣ್ಣದು. ಒಂದು ಹೆಣ್ಣು ಪತಂಗ ನೂರಾರು ಮೊಟ್ಟೆ ಇಡುತ್ತದೆ. ಆ ಕೀಡೆ ದೊಡ್ಡದಾದ ಮೇಲೆ ಕಾಯಿ ಕೊರೆದು ತಲೆ ಒಳಗೆ, ಮೈ ಹೊರಗೆ ಇಟ್ಟು ಕಾಳು ತಿನ್ನುತ್ತದೆ. ಇದು ಇಲ್ಲಿ ಕೂತ ಪ್ರತಿ ರೈತರಿಗೂ ಗೊತ್ತು. ಗಿಡ ಅಲುಗಾಡಿಸಿ ಕೆಳಗೆ ಹಾಸಿದ ತಟ್ಟಿನ ಮೇಲೆ ಕೀಡೆ ಉದುರಿಸಿದ್ದು ನಿಮ್ಮಲ್ಲಿ ಎಷ್ಟೋ ಜನರ ಕೈಗೆ ನೆನಪಿದೆ.

ಒಂದು ಸಂಜೆ ನಾನು ಚಪ್ಪಡಿಯ ಮೇಲೆ ಕೂತಿದ್ದೆ. ಬನ್ನಿಯ ಒಣ ಟೊಂಗೆಯ ಮೇಲೆ ಒಂದು ಕಾಜಾಣ. ಕರ್ರಗೆ, ಬಾಲ ಕವಲು. ಅದು ತೊಗರಿಯ ಮೇಲೆ ಹಾರಿ ಹೋಗುತ್ತದೆ, ಗಾಳಿಯಲ್ಲೇ ಒಂದು ತಿರುವು, ವಾಪಸ್ ಅದೇ ಟೊಂಗೆಗೆ. ಕೈಗಡಿಯಾರ ನೋಡಿ ಎಣಿಸಿದೆ. ಐದು ನಿಮಿಷಕ್ಕೆ ಹನ್ನೊಂದು ಸಲ. ಹೊತ್ತು ಮುಳುಗಿತು. ಬೇರೆ ಹಕ್ಕಿಗಳು ಮಲಗಲು ಹೋದವು. ಇದು ಹೋಗಲಿಲ್ಲ. ಮಸಕು ಬೆಳಕಿನಲ್ಲಿ ಪತಂಗಗಳು ಏಳುವ ಹೊತ್ತು ಅದು. ಒಂದು ಸಲ ಟೊಂಗೆಗೆ ಬಂದಾಗ ಕೊಕ್ಕಿನಲ್ಲಿ ಕಂದು ರೆಕ್ಕೆ ಕಂಡಿತು. ರೆಕ್ಕೆ ಉದುರಿಸಿ ಮೈ ನುಂಗಿತು. ಮರುದಿನ ಬೆಳಗ್ಗೆ ಆ ಟೊಂಗೆಯ ಕೆಳಗೆ ಬಗ್ಗಿ ನೋಡಿದೆ. ಒಣ ಎಲೆಗಳ ನಡುವೆ ಪತಂಗದ ರೆಕ್ಕೆ ಚೂರು, ಮಿಡತೆಯ ಕಾಲು, ಯಾವುದೋ ದುಂಬಿಯ ಚಿಪ್ಪು. ಅಂಗೈಯಲ್ಲಿ ತುಂಬುವಷ್ಟು. ಒಂದು ಟೊಂಗೆ, ಒಂದು ಹಕ್ಕಿ.

ಕಾಕಾನನ್ನು ಕರೆದು ತೋರಿಸಿದೆ. ಅವರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. 'ನಾವು ಎಣ್ಣಿಗಿ ರೊಕ್ಕ ಕೊಡ್ತೀವಿ, ಇದು ಪುಕ್ಕಟೆ ಮಾಡಲತ್ತದ' ಅಂದರು. ಎಣ್ಣೆ ಅಂದರೆ ನಮ್ಮ ಕಡೆ ಕೀಟನಾಶಕ.

ನಾನು ಬದು ಕಡಿಸಿದ ವರ್ಷದ ಕಥೆ ಹೇಳುತ್ತೇನೆ ಅಂದಿದ್ದೆ. ಅದು 2018. ಯಂತ್ರ ತರಿಸಿ ಬೋರೆ, ಎಕ್ಕೆ, ತಂಗಡಿ, ಎರಡು ಜಾಲಿ ಎಲ್ಲ ತೆಗೆಸಿದೆ. ಅರ್ಧ ದಿನದ ಕೆಲಸ. ಬೇವು, ಬನ್ನಿ, ಮುತ್ತಲ, ಒಂದು ಜಾಲಿ ಮಾತ್ರ ಉಳಿದವು. ಉಳಿದ ಕಸಕ್ಕೆ ಬೆಂಕಿ. ಬನ್ನಿಯ ಅರ್ಧ ಮೈ ಸುಟ್ಟಿತು. ನಾಲ್ಕು ಸಾಲು ತೊಗರಿ ಹೆಚ್ಚು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆ ನವೆಂಬರ್‌ನಲ್ಲಿ ಹರಟೆಮಲ್ಲಗಳಿಲ್ಲ. ಕಾಜಾಣ ಪಕ್ಕದ ಹೊಲದ ವಿದ್ಯುತ್ ತಂತಿಗೆ ಹೋಯಿತು. ನಾವು ತೊಗರಿಗೆ ಹಿಂದಿನ ವರ್ಷಕ್ಕಿಂತ ಎರಡು ಸಲ ಹೆಚ್ಚು ಎಣ್ಣೆ ಹೊಡೆದೆವು. ಲೆಕ್ಕ ಬರೆದಿಟ್ಟಿದ್ದೇನೆ. ನಾಲ್ಕು ಸಾಲಿನ ತೊಗರಿ ಎಣ್ಣೆಯ ಖರ್ಚಿಗೂ ಸಾಲಲಿಲ್ಲ. ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಬೇರೆ. ಬೆಳಗ್ಗೆ ಹೋಗಿ ಕೂತರೆ ಬರೆಯಲು ಏನೂ ಇರುತ್ತಿರಲಿಲ್ಲ. ಆ ಚಳಿಗಾಲದ ಹಾಳೆಗಳು ನನ್ನ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಖಾಲಿ ಇವೆ. ಬೋರೆ ಬುಡದಿಂದಲೇ ಮತ್ತೆ ಚಿಗುರಿತು. ಜಾಲಿ ಸಸಿ ತಾನಾಗಿ ಎದ್ದವು. ಹರಟೆಮಲ್ಲಗಳು ವಾಪಸ್ ಬರಲು ಎರಡು ವರ್ಷ ಬೇಕಾಯಿತು.

ಈಗ ತೊಗರಿ ಬಿತ್ತುವಾಗ ಬೀಜದಲ್ಲಿ ಒಂದಿಷ್ಟು ಜೋಳ ಬೆರೆಸುತ್ತೇವೆ. ಅಲ್ಲಲ್ಲಿ ಜೋಳದ ದಂಟು ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಹಕ್ಕಿಗೆ ಕೂರಲು ಅದೇ ಟೊಂಗೆ. ತೆನೆ ತಿನ್ನಲು ಬಂದ ಗುಬ್ಬಿ, ಮೈನಾ ಕೀಡೆಯನ್ನೂ ತಿನ್ನುತ್ತವೆ. ಕೃಷಿ ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ. ಕವಲು ಕಡ್ಡಿ ನೆಟ್ಟರೂ ಆಗುತ್ತದೆ. ಎಣ್ಣೆ ಪೂರ್ತಿ ಬಿಟ್ಟಿಲ್ಲ. ಕೀಡೆ ಎಣಿಸಿ, ಕೈ ಮೀರಿದಾಗ ಮಾತ್ರ ಹೊಡೆಯುತ್ತೇವೆ. ಹಕ್ಕಿಯಿಂದ ಎಲ್ಲ ಆಗುತ್ತದೆ ಅಂತಲೂ ಅಲ್ಲ. 2022ರಲ್ಲಿ ನೆಟೆ ರೋಗ ಬಂದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತಲ್ಲ, ನಮ್ಮ ಹೊಲದ ಅರ್ಧವೂ ಹೋಯಿತು. ಅದು ಮಣ್ಣಿನಲ್ಲಿರುವ ಶಿಲೀಂಧ್ರದ ರೋಗ. ಕಾಜಾಣ ಏನು ಮಾಡೀತು?

ಎಳ್ಳ ಅಮಾವಾಸ್ಯೆಗೆ ನೀವೆಲ್ಲ ಹೊಲಕ್ಕೆ ಹೋಗುತ್ತೀರಿ. ಬನ್ನಿ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಭಜ್ಜಿ, ಕಡುಬು, ಸಜ್ಜೆ ರೊಟ್ಟಿ, ಅಂಬಲಿ. ಅದೇ ಅಡುಗೆಯನ್ನು ಚರಗ ಅಂತ ಹೊಲದ ಸುತ್ತ ಚೆಲ್ಲುತ್ತೇವೆ. ಊಟ ಆದ ಮೇಲೆ ಎಲ್ಲರೂ ಗಾಡಿ ಹತ್ತಿ ಹೊರಡುತ್ತಾರೆ. ಈ ಸಲ ಒಂದು ತಾಸು ತಡೆದು ನೋಡಿ. ನಾನು ತಡೆದು ನೋಡಿದ್ದೇನೆ. ಮೊದಲು ಇರುವೆ. ಆಮೇಲೆ ಕಾಗೆ, ಮೈನಾ. ಹೊತ್ತು ಇಳಿದ ಮೇಲೆ ಗೌಜಲ ಹಕ್ಕಿಯ ಜೋಡಿ ಕಂಟಿಯಿಂದ ಹೊರಗೆ ಬಂದು, ತಲೆ ಎತ್ತಿ ಎತ್ತಿ ನೋಡುತ್ತಾ ಚರಗ ಹೆಕ್ಕುತ್ತವೆ. ಕತ್ತಲಾದ ಮೇಲೆ ನರಿ. ಅಮಾವಾಸ್ಯೆ, ಅದು ಕಾಣುವುದಿಲ್ಲ. ಮರುದಿನ ಮೆತ್ತನೆಯ ಮಣ್ಣಿನಲ್ಲಿ ಹೆಜ್ಜೆ ಇರುತ್ತದೆ.

ಚಳಿಗಾಲದ ಅತಿಥಿಗಳಲ್ಲಿ ನನಗೆ ಹೆಚ್ಚು ಪ್ರೀತಿ ಹ್ಯಾರಿಯರ್ ಅನ್ನುವ ಗಿಡುಗದ ಮೇಲೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುತ್ತದೆ. ಬೇರೆ ಹದ್ದಿನ ಹಾಗೆ ಮೇಲೆ ಮೇಲೆ ಸುತ್ತುವುದಿಲ್ಲ. ಕಡಲೆ ಹೊಲದ ಮೇಲೆ ಆಳೆತ್ತರಕ್ಕೆ, ಸದ್ದಿಲ್ಲದೆ, ರೆಕ್ಕೆ ಸ್ವಲ್ಪ ಮೇಲೆತ್ತಿ ತೇಲುತ್ತಾ ಹೋಗುತ್ತದೆ. ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿಯುತ್ತದೆ. ರಾತ್ರಿ ಮಲಗುವುದು ಮರದ ಮೇಲೆ ಅಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಹುಲ್ಲು ಬಿಟ್ಟ ಜಾಗ ಇಲ್ಲದಿದ್ದರೆ ಅದಕ್ಕೆ ಮಲಗಲೂ ನೆಲೆಯಿಲ್ಲ.

ಹಿಂಗಾರಿ ಜೋಳ ಹಾಲು ತುಂಬಿದಾಗ ಗುಲಾಬಿ ಕಬ್ಬಕ್ಕಿಗಳ ಹಿಂಡು ಬರುತ್ತದೆ. ಗುಲಾಬಿ ಮೈ, ಕಪ್ಪು ತಲೆ. ಒಂದು ಸಲಕ್ಕೆ ನೂರು, ಇನ್ನೂರು. ನಾವು ಸೀತನಿ, ಅಂದರೆ ಸುಟ್ಟ ಎಳೆ ಜೋಳ, ತಿನ್ನುವ ಕಾಲಕ್ಕೆ ಅವೂ ಹಾಜರ್. ಇವು ಜೋಳ ತಿನ್ನುತ್ತವೆ, ಅದು ನಷ್ಟವೇ. ರಾತ್ರಿ ಹಂದಿ, ಹಗಲು ಚಿಗರಿ ಹಿಂಡು, ಅವುಗಳಿಂದಲೂ ನಷ್ಟ. ಬೀದರ್ ಕಡೆಯ ರೈತರು ಚಿಗರಿಯ ಬಗ್ಗೆ ನನಗಿಂತ ಜಾಸ್ತಿ ಹೇಳಬಲ್ಲರು. ಇಡೀ ರಾತ್ರಿ ಅಟ್ಟದ ಮೇಲೆ ಕೂತು ತಗಡು ಬಡಿದವರಿಗೆ 'ಪ್ರಾಣಿ ಪ್ರೀತಿಸಿ' ಅಂತ ಹೇಳುವ ಹಕ್ಕು ನನಗಿಲ್ಲ. ಪರಿಹಾರಕ್ಕೆ ಅರ್ಜಿ ಕೊಡಿ, ಬೆಳೆ ಹಾಳಾದ ದಿನವೇ ಫೋಟೊ ತೆಗೆದಿಡಿ ಅಂತ ಹೇಳಬಲ್ಲೆ. ಬೇಲಿಗೆ ಕರೆಂಟ್ ಮಾತ್ರ ಬಿಡಬೇಡಿ. ಅದರಿಂದ ಸತ್ತವರಲ್ಲಿ ಮನುಷ್ಯರೂ ಇದ್ದಾರೆ. ನಮ್ಮ ಜಿಲ್ಲೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಕಥೆ ನಿಮ್ಮ ಅಜ್ಜಿಯರು ಹೇಳಿರುತ್ತಾರೆ. ಜೋಳ ಕಾಯಲು ಹೋದವರು ಹಕ್ಕಿ ಓಡಿಸಲಿಲ್ಲ, ತಿಂದ ಹಕ್ಕಿಗೆ ಕುಡಿಯಲು ನೀರನ್ನೂ ಇಟ್ಟರು ಅಂತ. ಅವರಷ್ಟು ದೊಡ್ಡ ಮನಸ್ಸು ನಮಗೆ ಬರಲಿಕ್ಕಿಲ್ಲ. ನೀರು ಇಡುವುದಂತೂ ಆಗುತ್ತದೆ ಅಲ್ವಾ? ಬೇವಿನ ನೆರಳಲ್ಲಿ ಒಂದು ಅಗಲವಾದ ಮಣ್ಣಿನ ಪಾತ್ರೆ. ಒಳಗೆ ಒಂದು ಕಲ್ಲು, ಜೇನು ಬಂದರೆ ಮುಳುಗಬಾರದು. ದಿನಾ ತೊಳೆದು ಹೊಸ ನೀರು.

ರಾಶಿ ಮುಗಿಯಿತು ಅಂದರೆ ಹೊಲ ಬರಿದು. ಮುತ್ತಲ ಒಂದೇ ಕೆಂಪಗೆ ಉರಿಯುತ್ತಿರುತ್ತದೆ. ಗುಲಾಬಿ ಕಬ್ಬಕ್ಕಿಗಳು ವಾಪಸ್ ಹೊರಡುವ ಮೊದಲು ಆ ಹೂವಿನ ರಸ ಕುಡಿದು ಹೋಗುತ್ತವೆ. ಯುಗಾದಿಗೆ ಬೇವಿನ ಹೂ. ಆಮೇಲೆ ಎರೆ ಬಿರಿಯಲು ಶುರು. ನಮ್ಮ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೋದ ವಾರ ಒಂದು ಬಿರುಕಿಗೆ ಒಂದು ಮೊಳದ ತೊಗರಿ ಕಟ್ಟಿಗೆ ಇಳಿಬಿಟ್ಟೆ, ಪೂರ್ತಿ ಹೋಯಿತು. ಆ ಬಿರುಕಿನ ಒಳಗೆ ತಂಪು ಇದೆ. ಕಪ್ಪೆ, ಚೇಳು, ಹಾವುರಾಣಿ ಬೇಸಿಗೆ ಕಳೆಯುವುದು ಅಲ್ಲೇ. ಬರಿಗಾಲಲ್ಲಿ ಓಡಾಡಬೇಡಿ, ಕೈ ಹಾಕಬೇಡಿ.

ಮಾಗಿ ಉಳುಮೆ ಯಾಕೆ ಮಾಡಬೇಕು ಅಂತ ಕೇಳುವ ಹುಡುಗರು ಟ್ರ್ಯಾಕ್ಟರ್ ಹಿಂದೆ ಒಂದು ಸಲ ನಡೆಯಿರಿ. ಕಾಯಿಕೊರಕದ ಕೀಡೆ ಕೋಶ ಕಟ್ಟುವುದು ಮಣ್ಣಿನಲ್ಲಿ. ನೇಗಿಲು ಮಣ್ಣು ಮೇಲೆ ಕೆಳಗೆ ಮಾಡಿದಾಗ ಕಂದು ಬಣ್ಣದ ಕೋಶಗಳು ಹೊರಗೆ ಬೀಳುತ್ತವೆ. ಹಿಂದೆಯೇ ಬೆಳ್ಳಕ್ಕಿ, ಮೈನಾ, ಕಾಗೆ. ಉಳಿದವನ್ನು ಬಿಸಿಲು ನೋಡಿಕೊಳ್ಳುತ್ತದೆ. ನವೆಂಬರ್‌ನಲ್ಲಿ ಕಾಜಾಣ ಮಾಡಿದ ಕೆಲಸದ ಉಳಿದ ಭಾಗ ಇದು.

ಇನ್ನು ಟಿಟ್ಟಿಭ. ನಮ್ಮ ಕಾಕಾ ಟಿಟವಿ ಅನ್ನುತ್ತಾರೆ. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ, ಹಗಲು ರಾತ್ರಿ ಇಲ್ಲದೆ ಕೂಗಾಟ. ಅದು ಗೂಡು ಕಟ್ಟುವುದಿಲ್ಲ. ಬಯಲಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಹೆಂಟೆ, ಕಲ್ಲಿನ ಚೂರು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ. ಮಣ್ಣಿನ ಬಣ್ಣ, ಮೇಲೆ ಕರಿ ಚುಕ್ಕೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಾಣುವುದಿಲ್ಲ. ಗಂಡು, ಹೆಣ್ಣು ಎರಡೂ ಕಾವು ಕೊಡುತ್ತವೆ, ಸುಮಾರು ನಾಲ್ಕು ವಾರ. ಎತ್ತರದ ಜಾಗದಲ್ಲಿ ಮೊಟ್ಟೆ ಇಟ್ಟರೆ ಆ ವರ್ಷ ಮಳೆ ಜಾಸ್ತಿ ಅಂತ ಕಾಕಾ ನಂಬುತ್ತಾರೆ. ನಾನು ಬರೆದಿಟ್ಟ ವರ್ಷಗಳಲ್ಲಿ ಒಮ್ಮೆ ಅದು ನಿಜವಾಯಿತು, ಒಮ್ಮೆ ಆಗಲಿಲ್ಲ. ಕಾಕಾಗೆ ಎರಡನ್ನೂ ಹೇಳಿದ್ದೇನೆ.

ಕಾವು ಅಂದರೆ ಬಿಸಿ ಕೊಡುವುದು ಅಂತ ನಾನು ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೆ. ನಮ್ಮ ಮೇ ತಿಂಗಳಲ್ಲಿ ಅದು ತಂಪು ಕೊಡುವುದು. ಇಲ್ಲಿಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಎರೆ ಮಣ್ಣು ಹೆಂಚಿನ ಹಾಗೆ ಕಾಯುತ್ತದೆ. ಮೊಟ್ಟೆ ಹಾಗೇ ಬಿಟ್ಟರೆ ಒಳಗಿನ ಜೀವ ಬೇಯುತ್ತದೆ. ಒಂದು ಮಧ್ಯಾಹ್ನ ಬೇವಿನ ಕೆಳಗೆ ಕೂತು ನೋಡಿದೆ. ಒಂದು ಹಕ್ಕಿ ಮೊಟ್ಟೆಯ ಮೇಲೆ ರೆಕ್ಕೆ ಸಡಿಲ ಮಾಡಿ, ಬಾಯಿ ತೆರೆದು ನಿಂತಿತ್ತು. ಕೂತಿರಲಿಲ್ಲ, ನೆರಳು ಮಾಡಿ ನಿಂತಿತ್ತು. ಇನ್ನೊಂದು ಬಾವಿ ಪಕ್ಕದ ದನದ ತೊಟ್ಟಿ ಸೋರಿ ನಿಂತ ನೀರಿಗೆ ಹೋಯಿತು. ನೀರು ಕುಡಿಯಲಿಲ್ಲ. ನೀರಿನಲ್ಲಿ ಇಳಿದು, ಮೊಣಕಾಲು ಮಡಿಸಿ ಹೊಟ್ಟೆ ತೋಯಿಸಿಕೊಂಡಿತು. ಎದ್ದಿತು, ಮತ್ತೆ ಕೂತಿತು. ಹೊಟ್ಟೆಯ ಬಿಳಿ ಪುಕ್ಕ ಒದ್ದೆಯಾಗಿ ಜೋತುಬಿತ್ತು. ಓಡುತ್ತಾ, ನಡುವೆ ಸ್ವಲ್ಪ ಹಾರಿ, ಗೂಡಿಗೆ ಬಂತು. ಮೊದಲಿನದು ಪಕ್ಕಕ್ಕೆ ಸರಿಯಿತು. ಇದು ಮೊಟ್ಟೆಗಳ ಮೇಲೆ ನಿಧಾನಕ್ಕೆ ಕೂತು ಮೈ ಅಲುಗಿಸಿತು. ಒದ್ದೆ ಪುಕ್ಕ ನಾಲ್ಕೂ ಮೊಟ್ಟೆಗೆ ತಾಗಬೇಕು ಅಂತ. ಆ ಮಧ್ಯಾಹ್ನ ಎರಡೂ ಸೇರಿ ಏಳು ಸಲ ನೀರು ಹೊತ್ತು ತಂದವು. ತೊಟ್ಟಿ ಸೋರುತ್ತದೆ, ರಿಪೇರಿ ಮಾಡಿಸಬೇಕು ಅಂತ ಇದ್ದೆ. ಮಳೆಗಾಲದವರೆಗೆ ಹಾಗೇ ಬಿಟ್ಟೆ.

ಆ ನಾಲ್ಕು ಮೊಟ್ಟೆಗಳು ಮರಿಯಾಗಲಿಲ್ಲ. ಮಿರಗಕ್ಕೆ ಮೊದಲು ಹೊಲ ಹರಗಿಸಬೇಕಿತ್ತು. ಟ್ರ್ಯಾಕ್ಟರ್ ಓಡಿಸುವ ತಮ್ಮನಿಗೆ ಗೂಡಿನ ವಿಷಯ ಹೇಳುವುದು ನನಗೆ ಮರೆಯಿತು. ಸಂಜೆ ಹೋದಾಗ ಹೊಲವೆಲ್ಲ ಸಮನಾಗಿತ್ತು. ಎರಡೂ ಹಕ್ಕಿಗಳು ಆ ಜಾಗದ ಸುತ್ತ ನಡೆಯುತ್ತಿದ್ದವು. ಕೂಗುತ್ತಿರಲಿಲ್ಲ. ಅಷ್ಟು ಕೂಗುವ ಹಕ್ಕಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಂಜೆ. ತಪ್ಪು ನನ್ನದು. ಆ ತಮ್ಮನಿಗೆ ಗೊತ್ತಾದಾಗ ಅವನು ಬಹಳ ನೊಂದುಕೊಂಡ. 'ಒಂದು ಮಾತು ಹೇಳಿದ್ರ ಸುತ್ತು ಹೊಡದು ಹೋಗ್ತಿದ್ದೆ ಅಕ್ಕೋರೇ' ಅಂದ.

ಮಕ್ಕಳು ಆಗಲೇ ಕೇಳಿದರು, ನಾವು ಶುರು ಮಾಡಬೇಕು ಅಂದರೆ ಏನು ಬೇಕು ಅಂತ. ಒಂದು ಜಾಗ, ಒಂದು ಹೊತ್ತು. ಬದಲಿಸಬೇಡಿ. ದಿನಾ ಹತ್ತು ನಿಮಿಷ ಸಾಕು. ತಾರೀಖು, ಮಳೆ ನಕ್ಷತ್ರ, ಗಾಳಿ, ಕಂಡದ್ದು, ಇಷ್ಟು ಬರೆಯಿರಿ. ಕಾಣದೆ ಇದ್ದದ್ದನ್ನೂ ಬರೆಯಿರಿ. 'ಇವತ್ತು ಚಾತಕ ಇಲ್ಲ' ಅನ್ನುವುದೂ ಒಂದು ಸುದ್ದಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ನಾನು ಮೊದಲ ಮೂರು ವರ್ಷ ಇಲ್ಲದೆಯೇ ನೋಡಿದೆ. ಹೆಸರು ಗೊತ್ತಾಗದಿದ್ದರೆ ಪುಸ್ತಕ, ಮೊಬೈಲಿಗಿಂತ ಮೊದಲು ಊರ ಹಿರಿಯರನ್ನು, ಕುರಿ ಕಾಯುವವರನ್ನು ಕೇಳಿ. ಒಂದೇ ಹಕ್ಕಿಗೆ ಮೂರು ಹೆಸರು ಸಿಗುತ್ತದೆ, ಮೂರನ್ನೂ ಬರೆದುಕೊಳ್ಳಿ. ಮರಗಳ ಚಿಗುರು, ಹೂ, ಕಾಯಿ ವಾರವಾರ ಬರೆದು ದೇಶದ ಬೇರೆ ಕಡೆಯವರ ಲೆಕ್ಕದ ಜೊತೆ ಸೇರಿಸಬೇಕು ಅಂದರೆ ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮ ಇದೆ, ಶಾಲಾ ಮಕ್ಕಳೂ ಸೇರಬಹುದು. ನಮ್ಮ ಗ್ರಂಥಾಲಯದ ಮುಂದಿನ ಈ ಬೇವಿನಿಂದಲೇ ಶುರು ಮಾಡಬಹುದು.

ಈ ವರ್ಷವೂ ಟಿಟವಿ ಮೊಟ್ಟೆ ಇಟ್ಟಿದೆ. ಬದುವಿನಿಂದ ಮೂವತ್ತು ಹೆಜ್ಜೆ, ಎತ್ತರದ ಕಡೆಗೆ. ನಾಲ್ಕನೇ ಮೊಟ್ಟೆ ಕಂಡು ಇವತ್ತಿಗೆ ಇಪ್ಪತ್ತಮೂರು ದಿನ. ಹರಗಲು ಟ್ರ್ಯಾಕ್ಟರ್ ಬರುವುದು ಭಾನುವಾರ. ಗೂಡಿನ ನಾಲ್ಕೂ ಕಡೆ ಹತ್ತು ಹೆಜ್ಜೆ ಬಿಟ್ಟು ತೊಗರಿ ಕಟ್ಟಿಗೆ ನೆಟ್ಟಿದ್ದೇನೆ. ಆ ತಮ್ಮನನ್ನು ನಿನ್ನೆ ಕರೆದುಕೊಂಡು ಹೋಗಿ ತೋರಿಸಿದೆ. ಅವನೂ ಎರಡು ಕಟ್ಟಿಗೆ ಹೆಚ್ಚಿಗೆ ನೆಟ್ಟ. ಆ ಚೌಕ ಈ ಸಲ ಹರಗುವುದಿಲ್ಲ, ಮಳೆ ಬಂದ ಮೇಲೆ ಕೈಯಿಂದ ಬಿತ್ತುತ್ತೇವೆ.

ಭಾನುವಾರ ಬೆಳಗ್ಗೆ ಆರಕ್ಕೆ ನಾನು ಚಪ್ಪಡಿಯ ಮೇಲೆ ಇರುತ್ತೇನೆ. ಬರುವವರು ಬನ್ನಿ. ನಾಯಿ ಕರೆದುಕೊಂಡು ಬರಬೇಡಿ. ಕಾಲಿಗೆ ಬೂಟು ಇರಲಿ. ಟಿಟವಿ ತಲೆಯ ಮೇಲೆ ಬಂದು ಕೂಗಿದರೆ ಅಲ್ಲಿಂದ ಹಿಂದೆ ಸರಿಯಿರಿ, ಮುಂದೆ ಹೋಗಬೇಡಿ. ಬೇವಿನ ಕೆಳಗೆ ಕೂತರೆ ಎಲ್ಲ ಕಾಣುತ್ತದೆ.